ಲೆಕ್ಕಕ್ಕೆ ಸಿಗದ ನಾಲ್ಕೂವರೆ ಯೂರೊ

ನಮ್ಮವರು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವರು. ಅದರಲ್ಲಿ ಮುಕ್ಕಾಲು ಪಾಲು ಕ್ಯಾಶ್ ಕೌಂಟರಿನಲ್ಲೇ ಕಳೆದದ್ದು. ಸಂಜೆ ಲೆಕ್ಕ ಟ್ಯಾಲಿ ಆಗದೆ ಮನೆಗೆ ಬಂದ ದಿನವೇ ಇಲ್ಲ. ಹಾಗಾಗಿ 2024ರ ಅಕ್ಟೋಬರಿನಲ್ಲಿ ನಾವಿಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪಿಗೆ ಹೊರಟಾಗ, ಅವರ ಚೀಲಕ್ಕೆ ಮೊದಲು ಸೇರಿದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಹಾಸಿಗೆ, ಊಟ, ಓಡಾಟ, ಟಿಕೆಟ್ಟು, ಇತರೆ. ದಿನಕ್ಕೆ ಇಬ್ಬರಿಗೂ ಸೇರಿ ನೂರು ಯೂರೊ. ಮಲಗುವ ಜಾಗವೂ ಅದರೊಳಗೇ ಬರಬೇಕು.

ಅವರಿಗೆ ಅರವತ್ತು, ಆಗಷ್ಟೇ ರಿಟೈರ್ ಆಗಿದ್ದರು. ನನಗೆ ಐವತ್ನಾಲ್ಕು. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತನೇ ಕ್ಲಾಸಿನ ಇತಿಹಾಸ ಶುರುವಾಗುವುದೇ 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದ ಕಥೆಯಿಂದ. ಆಮೇಲೆ ಲಿಸ್ಬನ್, ವಾಸ್ಕೋ ಡ ಗಾಮ, 1498, ಕಲ್ಲಿಕೋಟೆ. ಇಪ್ಪತ್ತಾರು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಹೊರಡುವ ಹಿಂದಿನ ವರ್ಷ ಕೊನೇ ಬೆಂಚಿನ ಒಬ್ಬ ಹುಡುಗ, "ಮಿಸ್, ಲಿಸ್ಬನ್ ನೀವು ನೋಡಿದ್ದೀರಾ?" ಅಂದ. ಇಲ್ಲ ಅಂದೆ. ಇಡೀ ಕ್ಲಾಸು ಸುಮ್ಮನಾಯಿತು. ಆ ಮೌನ ನನಗೆ ಚುಚ್ಚಿತು.

ಮೊದಲು ಪ್ಯಾಕೇಜ್ ಟೂರಿನ ದರ ವಿಚಾರಿಸಿದೆವು. ಕೇಳಿ ಇವರು ಎದ್ದು ಹೋಗಿ ನೀರು ಕುಡಿದರು. "ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಹೋಗಿ, ಹಾಸ್ಟೆಲಲ್ಲಿ ಉಳ್ಕೊಳ್ಳಿ" ಅಂದವಳು ಮಗಳು. ಅವಳು ತಮಾಷೆಗೆ ಹೇಳಿದ್ದು. ಇವರು ನಿಜ ಅಂತ ತಗೊಂಡರು. ಒಂದು ಎಲ್‌ಐಸಿ ಪಾಲಿಸಿ ಮೆಚ್ಯೂರ್ ಆಗಿತ್ತು. ದಸರಾ ರಜೆಗೆ ನಾನು ಹತ್ತು ದಿನ ಸಂಬಳವಿಲ್ಲದ ರಜೆ ಸೇರಿಸಿದೆ. ಲಿಸ್ಬನ್‌ಗೆ ಹೋಗಿ ಅಥೆನ್ಸ್‌ನಿಂದ ವಾಪಸ್ ಬರುವ ಟಿಕೆಟ್ಟು, ತಲೆಗೆ 61 ಸಾವಿರ. ಹೋದ ದಾರಿಯಲ್ಲೇ ಮತ್ತೆ ವಾಪಸ್ ಬರುವ ಖರ್ಚು ಇಲ್ಲ ನೋಡಿ, ಅದೇ ದೊಡ್ಡ ಉಳಿತಾಯ.

ವೀಸಾದ ಕಥೆ ಉದ್ದ ಮಾಡುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಮೊದಲು ಇಳಿಯುವ ದೇಶಕ್ಕಲ್ಲ. ನಮ್ಮದು ಸ್ಪೇನ್‌ನಲ್ಲಿ ಎಂಟು ರಾತ್ರಿ, ಹಾಗಾಗಿ ಸ್ಪೇನ್. ಆ ಜೂನ್‌ನಲ್ಲಷ್ಟೇ ಫೀಸು 80ರಿಂದ 90 ಯೂರೊಗೆ ಏರಿತ್ತು. ಅದರ ಮೇಲೆ ಕನಿಷ್ಠ 30,000 ಯೂರೊ ಮೊತ್ತದ ಇನ್ಶೂರೆನ್ಸು, ಬ್ಯಾಂಕ್ ಸ್ಟೇಟ್‌ಮೆಂಟು, ಪ್ರತಿ ರಾತ್ರಿಯ ಬುಕಿಂಗು. ಬೆಂಗಳೂರಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನಮ್ಮ ಕಾಗದ ತಿರುವಿ, "ಆಂಟಿ, ಇದೆಲ್ಲ ಡಾರ್ಮಿಟರಿ ಬುಕಿಂಗ್ ಅಲ್ವಾ?" ಅಂದಳು. "ಹೌದಮ್ಮ" ಅಂದೆ. ಅವಳು ಒಮ್ಮೆ ನನ್ನ ಬಿಳಿ ಕೂದಲು ನೋಡಿ ಸೀಲು ಒತ್ತಿದಳು.

ಬ್ಯಾಗು ತುಂಬುವುದೇ ಒಂದು ಯುದ್ಧ. ತಲೆಗೆ ಏಳು ಕಿಲೋ. ಮೂರು ಜೊತೆ ಬಟ್ಟೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಕಡ್ಲೆಕಾಯಿ ಬೀಜ. ತುಪ್ಪದ ಡಬ್ಬಿಯನ್ನು ಮಗಳು ಕೊನೇ ಗಳಿಗೆಯಲ್ಲಿ ತೆಗೆಸಿದಳು. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪಿಗೆ ಒಯ್ಯುವ ಹಾಗಿಲ್ಲವಂತೆ. ಕರಿಬೇವೂ ಬೇಡ ಅಂದಳು. ಇವರು ಮಾತ್ರ ಎರಡು ಪಂಚೆ ಇಟ್ಟುಕೊಂಡರು. ಯುರೋಪಿನಲ್ಲಿ ಪಂಚೆ ಯಾರು ಉಡುತ್ತಾರೆ ಅಂತ ನಾನು ನಕ್ಕಿದ್ದೆ. ಆ ಇಪ್ಪತ್ತೈದು ದಿನದಲ್ಲಿ ಪಂಚೆ ನಮಗೆ ಟವೆಲ್ ಆಯಿತು, ಬಂಕ್ ಬೆಡ್ಡಿನ ಪರದೆ ಆಯಿತು, ಪಾರ್ಕಿನಲ್ಲಿ ಊಟದ ಹಾಸು ಆಯಿತು, ಹಡಗಿನಲ್ಲಿ ಹಾಸಿಗೆಯೂ ಆಯಿತು. ಉಟ್ಟಿದ್ದು ಮಾತ್ರ ಇಲ್ಲ.

ಲಿಸ್ಬನ್ ಏಳು ಗುಡ್ಡದ ಊರು ಅಂತಾರೆ. ಇವರ ಮಂಡಿ ಹದಿನೇಳು ಅಂತ ಎಣಿಸಿತು. ಹಾಸ್ಟೆಲ್ಲು ಅಲ್ಫಾಮದ ಏರಿನಲ್ಲಿ. ಎಂಟು ಹಾಸಿಗೆಯ ಕೋಣೆ, ತಲೆಗೆ 28 ಯೂರೊ. ನಮಗೆ ಸಿಕ್ಕಿದ್ದು ಒಂದು ಕೆಳಗಿನದು, ಒಂದು ಮೇಲಿನದು. ಮಂಡಿ ನೋವಿನವರಿಗೆ ಕೆಳಗಿನದು ಬಿಟ್ಟು ನಾನು ಏಣಿ ಹತ್ತಿದೆ. ಮೊದಲ ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕು ಅಂತ ಇಳಿಯುವಾಗ ಕತ್ತಲಲ್ಲಿ ಯಾರದೋ ಕಾಲು ತುಳಿದೆ. ಬ್ರೆಜಿಲ್‌ನ ಹುಡುಗಿ. ಬೆಳಗ್ಗೆ ಅವಳೇ ತನ್ನ ಕೆಳಗಿನ ಹಾಸಿಗೆ ನನಗೆ ಬಿಟ್ಟುಕೊಟ್ಟಳು. ತನ್ನ ಕಾಲು ಉಳಿಸಿಕೊಳ್ಳುವುದಕ್ಕೂ ಇರಬಹುದು.

ರಿಸೆಪ್ಶನ್ನಿನವರು ಬೀಗದಕೈ ಕೊಡುತ್ತಾ "ಶಾವ್" ಅಂದರು. ಬೋರ್ಡಿನಲ್ಲಿ ಬರೆದದ್ದು ಓದಿದರೆ ಅದೇ ನಮ್ಮ ಚಾವಿ. ನನ್ನ ತವರು ಕುಮಟಾ. ಅಲ್ಲಿ ಯಾರೂ ಬೀಗದಕೈ ಅನ್ನುವುದಿಲ್ಲ, ಚಾವಿ ಅಂತಲೇ ಹೇಳುವುದು. ಆಮೇಲೆ ಇದೇ ಆಟ ಶುರುವಾಯಿತು. ಪೋರ್ಚುಗೀಸ್ ಭಾಷೆಯಲ್ಲಿ ಮೇಜಿಗೆ ಮೇಜಾ, ಆಲೂಗಡ್ಡೆಗೆ ಬತಾತಾ, ಅನಾನಸಿಗೆ ಅನನಾಸ್, ಬಕೆಟ್ಟಿಗೆ ಬಾಲ್ದ್. ನಮ್ಮಮ್ಮ ಬಾವಿಕಟ್ಟೆಯಲ್ಲಿ ಕೂಗುತ್ತಿದ್ದ ಬಾಲ್ದಿ ಇಲ್ಲಿ ಸೂಪರ್ ಮಾರ್ಕೆಟ್ಟಿನ ಚೀಟಿಯ ಮೇಲಿತ್ತು. ಐನೂರು ವರ್ಷ ಹಿಂದೆ ಬಂದವರು ಕೋಟೆ ಕಟ್ಟಿದರು, ಹೋದರು. ಬಕೆಟ್ಟನ್ನು ಬಿಟ್ಟುಹೋದರು.

ಲಿಸ್ಬನ್ನಿನಲ್ಲೇ ಬೆಲೆಂ ಅನ್ನುವ ಕಡೆ ಇರುವ ಜೆರೋನಿಮೊಸ್ ಮಠಕ್ಕೆ ಮೂರನೇ ದಿನ ಹೋದೆವು. ಮಠದ ಒಳಾಂಗಣಕ್ಕೆ ಟಿಕೆಟ್ಟು, ಚರ್ಚಿಗೆ ಇಲ್ಲ. ಇವರ ಮುಖ ಅರಳಿತು. ಒಳಗೆ ಬಾಗಿಲಿನ ಹತ್ತಿರವೇ ವಾಸ್ಕೋ ಡ ಗಾಮ ಮಲಗಿದ್ದಾನೆ. ಕಲ್ಲಿನ ಮೂರ್ತಿ, ಎದೆಯ ಮೇಲೆ ಕೈ ಮುಗಿದುಕೊಂಡಿದೆ. ಸಮಾಧಿಯ ಮೇಲೆ ಹಡಗಿನ ಕೆತ್ತನೆ. ಇಷ್ಟು ವರ್ಷ ನನಗೆ ಅವನು ಒಂದು ಇಸವಿ ಅಷ್ಟೇ. ಈಗ ನೋಡಿದರೆ ಗಡ್ಡ ಇರುವ ಒಬ್ಬ ಮುದುಕ, ಕೈ ಮುಗಿದು ಮಲಗಿದ್ದಾನೆ. ಸಿಟ್ಟು ಬರಬೇಕಿತ್ತೋ ಏನೋ. ಬರಲಿಲ್ಲ.

ಸಿಟ್ಟು ಬಂದಿದ್ದು ಆ ಮಠ ನೋಡಿ. ಎಷ್ಟು ದೊಡ್ಡ ಕಟ್ಟಡ, ಎಂಥ ಕುಸುರಿ. ಅದು ಎದ್ದಿದ್ದು ಆಫ್ರಿಕಾ ಮತ್ತು ಪೂರ್ವದಿಂದ ಬಂದ ಸರಕಿನ ಮೇಲೆ ಹಾಕಿದ ಐದು ಪರ್ಸೆಂಟ್ ಸುಂಕದಿಂದ. ಆ ಸುಂಕಕ್ಕೆ ಹೆಸರೇ ಕರಿಮೆಣಸಿನ ಸುಂಕ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದಿದ್ದರು. ಅವಳ ಹೆಸರಿನ ಜೊತೆ ಕೇಳಿಬರುವ ಮಿರ್ಜಾನ್ ಕೋಟೆ ನಮ್ಮೂರಿನಿಂದ ಸ್ವಲ್ಪ ದೂರ. ಚಿಕ್ಕವಳಿದ್ದಾಗ ಅಲ್ಲಿ ದನ ಮೇಯುತ್ತಿತ್ತು. ಮೆಣಸು ಬೆಳೆದ ಕಡೆ ಪಾಚಿ ಹಿಡಿದ ಗೋಡೆ, ಮೆಣಸು ತಿಂದ ಕಡೆ ಇದು. "ಇದನ್ನ ಕ್ಲಾಸಲ್ಲಿ ಹೇಳ್ಬೇಕು ನೀನು" ಅಂದರು ಇವರು. ಹೇಳಿದ್ದೇನೆ, ಬಂದ ಮೇಲೆ.

ಹೊರಗೆ ಬಂದು ಪಾಸ್ತೆಲ್ ದ ನಾತ ತಿಂದೆವು. ಹಾಲು, ಸಕ್ಕರೆ, ಮೊಟ್ಟೆಯ ಹಳದಿ ಸೇರಿಸಿ ಬೇಯಿಸಿದ ಪುಟ್ಟ ಕಡುಬಿನಂಥದ್ದು, ಮೇಲೆ ಸ್ವಲ್ಪ ಕಪ್ಪು ಹತ್ತಿರುತ್ತದೆ. ನಾನು ಮೊಟ್ಟೆ ತಿನ್ನುವುದಿಲ್ಲ. ಕಣ್ಣಿಗೆ ಕಾಣದ ಮೊಟ್ಟೆ ಲೆಕ್ಕಕ್ಕಿಲ್ಲ ಅಂತ ಅವತ್ತು ತೀರ್ಮಾನ ಮಾಡಿದೆ. ನಾಲ್ಕು ತಿಂದೆ.

ಲಿಸ್ಬನ್ನಿನಿಂದ ಸ್ಪೇನಿನ ಸೆವಿಲ್ಲೆಗೆ ನೇರ ರೈಲಿಲ್ಲ. ಬಸ್ಸಿನಲ್ಲಿ ಹೆಚ್ಚುಕಡಿಮೆ ಏಳು ಗಂಟೆ. ಗಡಿ ದಾಟಿದ್ದು ಗೊತ್ತಾಗಲೇ ಇಲ್ಲ. ಫೋನಿನ ಗಡಿಯಾರ ಸುಮ್ನೆ ಒಂದು ಗಂಟೆ ಮುಂದೆ ಹಾರಿತು, ಅಷ್ಟೇ. ಇವರು ಮಾತ್ರ ಕೈಗಡಿಯಾರ ತಿರುಗಿಸದೆ ಎರಡು ದಿನ ಎಲ್ಲ ಕಡೆಗೂ ತಡವಾಗಿ ಹೋದರು.

ಸೆವಿಲ್ಲೆ ನನಗೆ ತುಂಬಾ ಹಿಡಿಸಿತು. ಬೀದಿ ಬೀದಿಯಲ್ಲಿ ಕಹಿ ಕಿತ್ತಳೆ ಮರ. ಅಕ್ಟೋಬರಿನಲ್ಲಿ ಕಾಯಿ ಇನ್ನೂ ಹಸಿರು, ನೋಡಲು ನಮ್ಮ ಹೇರಳೆಕಾಯಿ ಥರವೇ. ಕೈಗೆ ಎಟಕುವಷ್ಟು ಕೆಳಗೆ. "ಒಂದೇ ಒಂದು" ಅಂದೆ. "ಪಾಸ್‌ಪೋರ್ಟ್ ನೆನಪಿಟ್ಕೋ" ಅಂದರು. ಕ್ಯಾಥೆಡ್ರಲ್ಲಿನಲ್ಲಿ ಕೊಲಂಬಸ್‌ನ ಸಮಾಧಿ ಇದೆ. ನಾಲ್ಕು ಕಂಚಿನ ಆಳುಗಳು ಅವನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ, ಒಬ್ಬೊಬ್ಬ ಒಂದೊಂದು ರಾಜ್ಯದ ಪರವಾಗಿ. ಪಕ್ಕದ ಖಿರಾಲ್ದಾ ಗೋಪುರಕ್ಕೆ ಇವರು ಬರುವುದಿಲ್ಲ ಅಂತ ಹಟ ಹಿಡಿದಿದ್ದರು. ಒಳಗೆ ಹೋದರೆ, ತುದಿಯ ಕೆಲವು ಬಿಟ್ಟರೆ, ಮೆಟ್ಟಿಲೇ ಇಲ್ಲ! ಕುದುರೆ ಹತ್ತಲಿ ಅಂತ ಆ ಕಾಲದಲ್ಲಿ ಇಳಿಜಾರು ದಾರಿ ಮಾಡಿದ್ದಾರೆ. ಮೂವತ್ತಕ್ಕೂ ಮೇಲೆ ಸುತ್ತು. ಮಂಡಿ ನೋವಿನವರು ನನಗಿಂತ ಮೊದಲು ಮೇಲೆ ತಲುಪಿ, ಕೆಳಗೆ ನೋಡಿ ಕೈ ಬೀಸಿದರು.

ಅಕ್ಟೋಬರ್ 11 ಆಯುಧಪೂಜೆ. ಇವರು ಬೆಳಗ್ಗೆ ಸ್ನಾನ ಮಾಡಿ ಎರಡೂ ಬ್ಯಾಗಿನ ಜಿಪ್ಪಿಗೆ ಕುಂಕುಮ ಇಟ್ಟರು. ಡಾರ್ಮಿನ ಜರ್ಮನ್ ಹುಡುಗ ತನ್ನ ಬ್ಯಾಗನ್ನೂ ತಂದು ಮುಂದೆ ಇಟ್ಟ. ಇರಲಿ ಅಂತ ಅದಕ್ಕೂ ಇಟ್ಟರು.

ಮರುದಿನ ವಿಜಯದಶಮಿ. ಸ್ಪೇನ್‌ನಲ್ಲಿ ಅದೇ ದಿನ ರಾಷ್ಟ್ರೀಯ ಹಬ್ಬ. 1492ರ ಅಕ್ಟೋಬರ್ 12ಕ್ಕೆ ಕೊಲಂಬಸ್ ಅಮೆರಿಕದ ದ್ವೀಪ ಮುಟ್ಟಿದ ದಿನ ಅದು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹಿಂದಿನ ದಿನವೇ ಅಕ್ಕಿ, ನಿಂಬೆಹಣ್ಣು ತಂದಿಟ್ಟಿದ್ದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಚಿತ್ರಾನ್ನ ಮಾಡೋಣ ಅಂತ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಜಂಬೂಸವಾರಿ ಹಾಕಿಕೊಂಡೆವು. ಮೈಸೂರಿನಲ್ಲಿ ಸಂಜೆ, ಇಲ್ಲಿ ಮಧ್ಯಾಹ್ನ. ಅಭಿಮನ್ಯು ಅಂಬಾರಿ ಹೊತ್ತು ಹೊರಟ. ನಾನು ಎಣ್ಣೆಗೆ ಸಾಸಿವೆ ಹಾಕಿ, ಪರದೆ ಕಡೆ ನೋಡುತ್ತಾ ಮೈಮರೆತೆ. ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಕರಟಿತು. ಮೇಲಿನಿಂದ ಕಿವಿ ಹರಿಯುವ ಹಾಗೆ ಅಲಾರಂ.

ಇಡೀ ಹಾಸ್ಟೆಲ್ಲು ಹೊರಗೆ ಬಂತು. ರಿಸೆಪ್ಶನ್ನಿನ ಹುಡುಗ ಟವೆಲ್ ಬೀಸುತ್ತಾ ಓಡಿ ಬಂದು, ಕೆಮ್ಮುತ್ತಾ ಕಿಟಕಿ ತೆಗೆದ. ನಾನು ಕೈ ಜೋಡಿಸಿ ನಿಂತಿದ್ದೆ. ಇವರು ಕಣ್ಣು ಒರೆಸಿಕೊಳ್ಳುತ್ತಾ ಅವನಿಗೆ ಫೋನು ತೋರಿಸಿ, "ಎಲಿಫೆಂಟ್, ಮೈಸೂರ್, ಫೆಸ್ಟಿವಲ್" ಅಂತ ವಿವರಿಸುತ್ತಿದ್ದರು. ಹುಡುಗ ಐದು ನಿಮಿಷ ಆನೆ ನೋಡಿದ. ಆಮೇಲೆ ಒಂದು ತಟ್ಟೆ ಚಿತ್ರಾನ್ನ ತಿಂದ. ಮೆಣಸಿನಕಾಯಿ ಸಹಿತ.

ಆ ಸಂಜೆ ನನಗೆ ಹೊಳೆದದ್ದು ಬೇರೆ. ಮೆಣಸಿನಕಾಯಿ, ಕಡ್ಲೆಕಾಯಿ ಎರಡೂ ಅಮೆರಿಕ ಖಂಡದವು. ಕೊಲಂಬಸ್ ದಾರಿ ತೆರೆದ ಮೇಲೆ ಹಡಗು ಹತ್ತಿದವು, ಪೋರ್ಚುಗೀಸರ ಕೈಯಲ್ಲಿ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂತು. ಬ್ಯಾಡಗಿಯಲ್ಲಿ ಬೇರು ಬಿಟ್ಟು ನಮ್ಮದೇ ಆಯಿತು. ಅದೇ ಕಾಯಿ ನನ್ನ ಚೀಲದಲ್ಲಿ ವಾಪಸ್ ಬಂದು, ಕೊಲಂಬಸ್ ಮಲಗಿರುವ ಊರಿನಲ್ಲಿ, ಅವನ ಹಬ್ಬದ ದಿನವೇ ಅಲಾರಂ ಹೊಡೆಸಿತು. ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ನಾನು ಮಾಡಿಲ್ಲ.

ಸಸ್ಯಾಹಾರಿಗಳಿಗೆ ಸ್ಪೇನ್ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಅರ್ಧ ನಿಜ. "ಮಾಂಸ ಬೇಡ" ಅಂದರೆ ಹಂದಿಯ ಹಮೋನ್ ತಂದಿಡುತ್ತಾರೆ. ಅದು ಬೇಡ ಅಂದರೆ ಮೀನು. ನಾನು ಮಂತ್ರ ಬಾಯಿಪಾಠ ಮಾಡಿಕೊಂಡೆ: "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ." ಒಂದೇ ಉಸಿರಿನಲ್ಲಿ ಹೇಳಬೇಕು. ಆಮೇಲೆ ಸಿಗುವುದು ಚೆನ್ನಾಗಿರುತ್ತದೆ. ಪಾಲಕ್ ಮತ್ತು ಕಾಬೂಲಿ ಕಡಲೆಗೆ ಜೀರಿಗೆ ಹಾಕಿ ಮಾಡುವ ಪಲ್ಯ. ಬದನೆಕಾಯಿ ಬಜ್ಜಿಯ ಮೇಲೆ ಕಬ್ಬಿನ ಕಾಕಂಬಿ ಸುರಿದದ್ದು. ಬಜ್ಜಿಗೆ ಬೆಲ್ಲವೇ ಅಂತ ಮೂಗು ಮುರಿದವಳು ಗ್ರಾನಡಾದಲ್ಲಿ ಮೂರು ದಿನವೂ ಅದನ್ನೇ ಹುಡುಕಿಕೊಂಡು ಹೋದೆ.

ಗ್ರಾನಡಾದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕುಡಿಯಲು ಏನಾದರೂ ತಗೊಂಡರೆ ಜೊತೆಗೆ ಒಂದು ಸಣ್ಣ ತಟ್ಟೆ ತಿಂಡಿ ಪುಕ್ಕಟೆ. ದ್ರಾಕ್ಷಿ ರಸ ಹೇಳಿದರೂ ಕೊಟ್ಟರು. ಇವರು ಪುಸ್ತಕದಲ್ಲಿ ಊಟದ ಕಾಲಂ ಖಾಲಿ ಬಿಟ್ಟು, ಪಕ್ಕದಲ್ಲಿ "ಪಾನೀಯ" ಅಂತ ಹೊಸ ಕಾಲಂ ಎಳೆದರು.

ಅಲ್ಲಿನ ಹಳೇ ಮುಸ್ಲಿಂ ದೊರೆಗಳ ಕೋಟೆ-ಅರಮನೆ ಅಲ್‌ಹಂಬ್ರಾದ ಟಿಕೆಟ್ಟನ್ನು ಮಗಳು ಮೈಸೂರಿನಿಂದ ಹೊರಡುವ ಮುಂಚೆಯೇ ತೆಗೆದಿದ್ದಳು. ತಲೆಗೆ 19 ಯೂರೊ ಚಿಲ್ಲರೆ. ಅಲ್ಲಿಗೆ ಹೋಗಿ ಕೊಳ್ಳುತ್ತೇನೆ ಅನ್ನುವವರು ಹೊರಗೇ ನಿಲ್ಲುವುದನ್ನು ಕಣ್ಣಾರೆ ನೋಡಿದೆವು. ಟಿಕೆಟ್ಟಿನಲ್ಲಿ ಹೆಸರು ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ನಸ್ರಿದ್ ಅರಮನೆಗೆ ಕೊಟ್ಟ ಸಮಯ ತಪ್ಪಿದರೆ ಮುಗಿಯಿತು. ಒಳಗೆ ಗೋಡೆಯ ತುಂಬಾ ಅರಬ್ಬಿ ಅಕ್ಷರ, "ದೇವರೊಬ್ಬನೇ ವಿಜಯಿ" ಅಂತ ಮತ್ತೆ ಮತ್ತೆ ಕೆತ್ತಿದ್ದಾರೆ. ಅದನ್ನು ಕೆತ್ತಿಸಿದ ಮನೆತನ 1492ರ ಜನವರಿಯಲ್ಲಿ ಕೋಟೆಯ ಬೀಗದಕೈಯನ್ನು ಸ್ಪೇನಿನ ಕ್ರೈಸ್ತ ದೊರೆಗಳಿಗೆ ಒಪ್ಪಿಸಿ ಹೊರಟುಹೋಯಿತು. ಹನ್ನೆರಡು ಸಿಂಹಗಳ ಅಂಗಳದಲ್ಲಿ ನೀರು ಇಂದಿಗೂ ಹರಿಯುತ್ತದೆ. ಅಲ್ಲಿ ನನಗೆ ಟಿಪ್ಪಣಿ ಬರೆಯಬೇಕು ಅನ್ನಿಸಲಿಲ್ಲ. ಕೂತಿದ್ದೆ, ಅಷ್ಟೇ.

ಈಗ ಜಗಳದ ವಿಷಯ.

ಸ್ಪೇನಿನ ಮಾಲಗಾದಿಂದ ಇಟಲಿಯ ನಾಪೊಲಿಗೆ, ಅಂದರೆ ನೇಪಲ್ಸಿಗೆ, ಅಗ್ಗದ ವಿಮಾನ. ಸೀಟಿಗೆ 24 ಯೂರೊ. ಅದರಲ್ಲಿ ಪುಕ್ಕಟೆ ಒಯ್ಯಬಹುದಾಗಿದ್ದದ್ದು ಸೀಟಿನ ಕೆಳಗೆ ಹೋಗುವಷ್ಟು ಪುಟ್ಟ ಚೀಲ, 40 ಸೆಂಟಿಮೀಟರ್ ಎತ್ತರದ್ದು. ನಮ್ಮವು ಅದಕ್ಕಿಂತ ದೊಡ್ಡವು. ಮೊದಲೇ ಆನ್‌ಲೈನಿನಲ್ಲಿ ಕಟ್ಟಿದ್ದರೆ ಎರಡಕ್ಕೂ ಸೇರಿ 50 ಯೂರೊ ಆಗುತ್ತಿತ್ತು. ನಾನು ಹೇಳಿದೆ. ಇವರು, "ಒತ್ತಿದ್ರೆ ಹಿಡಿಸುತ್ತೆ ಕಣೇ" ಅಂದರು.

ಇನ್ನೊಂದು ವಿಷಯ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಇಂಥ ಕೆಲವು ವಿಮಾನಗಳಲ್ಲಿ ಯುರೋಪಿನ ಪಾಸ್‌ಪೋರ್ಟ್ ಇಲ್ಲದವರು, ಫೋನಿನಲ್ಲಿ ಚೆಕ್-ಇನ್ ಮಾಡಿದ್ದರೂ, ಸೆಕ್ಯೂರಿಟಿಗೆ ಹೋಗುವ ಮುಂಚೆ ಕೌಂಟರಿನಲ್ಲಿ ವೀಸಾ ತೋರಿಸಿ ಬೋರ್ಡಿಂಗ್ ಪಾಸಿಗೆ ಸೀಲು ಹಾಕಿಸಿಕೊಳ್ಳಬೇಕಿತ್ತು. ನಾವು ಸೀದಾ ಗೇಟಿಗೆ ಹೋಗಿ ನಿಂತೆವು. ಅಲ್ಲಿಂದ ವಾಪಸ್ ಕಳಿಸಿದರು. ಅರವತ್ತರ ಮನುಷ್ಯ, ಬೆನ್ನ ಮೇಲೆ ಚೀಲ, ವಿಮಾನ ನಿಲ್ದಾಣದ ಉದ್ದಕ್ಕೂ ಓಟ. ಸೀಲು ಹಾಕಿಸಿ, ಮತ್ತೆ ಸೆಕ್ಯೂರಿಟಿ ದಾಟಿ, ಬೆವರಿ ಬಂದು ನಿಂತರೆ, ಗೇಟಿನ ಹೆಂಗಸು ನಮ್ಮ ಬ್ಯಾಗನ್ನು ಕಬ್ಬಿಣದ ಚೌಕಟ್ಟಿಗೆ ಹಾಕಿ ಅಂದಳು. ನಾನು ಎರಡು ಕುರ್ತಾ, ಸ್ವೆಟರು ಎಲ್ಲ ಒಂದರ ಮೇಲೊಂದು ಹಾಕಿಕೊಂಡೆ. ಪಂಚೆಯನ್ನು ಹೊದ್ದುಕೊಂಡೆ. ಅವಲಕ್ಕಿ ಪೊಟ್ಟಣ ಜೇಬಿಗೆ ಹೋಯಿತು. ಆದರೂ ಹಿಡಿಸಲಿಲ್ಲ. ಒಂದೊಂದಕ್ಕೆ 60 ಯೂರೊ.

"ಐವತ್ತು ಉಳಿಸೋಕೆ ಹೋಗಿ ನೂರಿಪ್ಪತ್ತು" ಅಂದೆ.

"ಎಲ್ಲರ ಮುಂದೆ ಬೇಡ" ಅಂದರು.

"ಎಲ್ಲರಿಗೂ ಕನ್ನಡ ಬರುತ್ತಾ?"

ಅಲ್ಲಿಂದ ನಾಪೊಲಿಯವರೆಗೆ ಮಾತಿಲ್ಲ. ಕೋಣೆಗೆ ಹೋದ ಮೇಲೂ ಇಲ್ಲ. ರಾತ್ರಿ ಅವರು ಪುಸ್ತಕ ತೆಗೆದು "ದಂಡ" ಅಂತ ಒಂದು ಹೊಸ ಕಾಲಂ ಎಳೆದು 120 ಅಂತ ಬರೆದದ್ದನ್ನು ಓರೆಗಣ್ಣಿನಿಂದ ನೋಡಿದೆ. ಸ್ಕೇಲ್ ಇಡದೆ ಎಳೆದಿದ್ದರು.

ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಒಬ್ಬಳೇ ಹೊರಗೆ ಬಂದೆ. ನಾಪೊಲಿಯ ಸ್ಪ್ಯಾನಿಷ್ ಕ್ವಾರ್ಟರ್ ಅನ್ನುವ ಕಡೆ ನಮ್ಮ ಕೋಣೆ. ಇಕ್ಕಟ್ಟಾದ ಓಣಿ, ಮೇಲೆ ಒಣಹಾಕಿದ ಬಟ್ಟೆ, ಮೈಗೆ ತಾಗುವ ಹಾಗೆ ಸ್ಕೂಟರು. ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ಹಗ್ಗ ಕಟ್ಟಿ ಬುಟ್ಟಿ ಇಳಿಸಿದಳು, ಕೆಳಗಿನವನು ಬ್ರೆಡ್ಡು ಹಾಕಿದ, ಬುಟ್ಟಿ ಮೇಲೆ ಹೋಯಿತು. ಅಜ್ಜಿ ಒಂದು ಮಾತಾಡಲಿಲ್ಲ. ಸಂಸಾರ ಹೀಗೇ ಇರಬೇಕು ಅನ್ನಿಸಿತು ಆ ಹೊತ್ತಿಗೆ.

ಇಟಲಿಯಲ್ಲಿ ಕಾಫಿ ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. ನಮ್ಮ ದರ್ಶಿನಿ ಪದ್ಧತಿ. ಆಗ ನಿಂತರೆ ಒಂದು ಯೂರೊ ಮೂವತ್ತು ಸೆಂಟ್. ನಾನು ದೊಡ್ಡ ಚೌಕದ ಒಂದು ಹಳೇ ಕಾಫಿ ಮನೆಗೆ ಹೋಗಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತೆ. ಒಂದು ಪುಟ್ಟ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು. ಎರಡು ಗುಟುಕಿನ ಕಾಫಿಯನ್ನು ನಲವತ್ತು ನಿಮಿಷ ಕುಡಿದೆ. ನಾಲ್ಕೂವರೆ ಯೂರೊ. ನನ್ನ ಪರ್ಸಿನಲ್ಲಿದ್ದ ಚಿಲ್ಲರೆಯಲ್ಲಿ ಕೊಟ್ಟೆ. ರೂಪಾಯಿ ಲೆಕ್ಕಕ್ಕೆ 92ರಿಂದ ಗುಣಿಸಲಿಲ್ಲ. ಇಡೀ ಪ್ರವಾಸದಲ್ಲಿ ನಾನು ಗುಣಿಸದೇ ಖರ್ಚು ಮಾಡಿದ ದುಡ್ಡು ಅದೊಂದೇ.

ವಾಪಸ್ ಹೋದಾಗ ಇವರು ಓಣಿಯ ತುದಿಯಲ್ಲಿ ನಿಂತಿದ್ದರು, ಕೂದಲು ಇನ್ನೂ ಒದ್ದೆ. "ಎಲ್ಲಿ ಹೋಗಿದ್ದೆ?" ಅಂದರು. "ಸುಮ್ನೆ, ಹೀಗೇ ಒಂದು ಸುತ್ತು" ಅಂದೆ. "ಇಲ್ಲಿ ಬಾತ್‌ರೂಮಲ್ಲಿ ನೀರಿದೆ ಕಣೇ" ಅಂದರು. ಜಗಳ ಮುಗಿದಿದ್ದು ಹೀಗೆ.

ನೀರಿನ ವಿಷಯ ಹೇಳಲೇಬೇಕು. ಅಷ್ಟು ದಿನ ಒಂದು ಲೀಟರ್ ಬಾಟಲಿ ಹಿಡಿದುಕೊಂಡು ಕಮೋಡಿನ ಕಡೆ ನಡೆಯುತ್ತಿದ್ದೆವು. ಡಾರ್ಮಿನ ಮಕ್ಕಳು ನಮಗೆ ಭಾರೀ ದಾಹ ಅಂದುಕೊಂಡಿರಬೇಕು. ಇಟಲಿಗೆ ಬಂದರೆ ಕಮೋಡಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೇಸಿನ್ನು, ನಲ್ಲಿ ಸಮೇತ. ಬಿಡೆ ಅಂತಾರೆ. 1975ರಿಂದ ಅಲ್ಲಿ ಮನೆ ಕಟ್ಟಿದರೆ ಅದು ಇರಲೇಬೇಕು ಅಂತ ಕಾನೂನೇ ಇದೆ. ನಾಗರಿಕತೆ ಬಗ್ಗೆ ನನ್ನ ಅಳತೆಗೋಲು ಬದಲಾಯಿತು.

ನಾಪೊಲಿಯಲ್ಲಿ ಐದು ದಿನ ಇದ್ದುಬಿಟ್ಟೆವು. ಅದಕ್ಕಾಗಿ ರೋಮ್ ಬಿಟ್ಟೆವು. ಹೌದು, ರೋಮನ್ನೇ. ನೆಂಟರು ಇನ್ನೂ ಬೈಯುತ್ತಾರೆ. ಆದರೆ ಐದು ಯೂರೊಗೆ ತಟ್ಟೆ ಮೀರುವ ಮರಿನಾರಾ ಪಿಜ್ಜಾ, ಅದರ ಮೇಲೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಬಿಟ್ಟರೆ ಚೀಸ್ ಕೂಡ ಇಲ್ಲ. ದಿನಾ ಅದನ್ನು ಎರಡು ಭಾಗ ಮಾಡಿ ತಿಂದೆವು. ಕೆಲವು ಕಡೆ ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೆ ಒಂದೆರಡು ಯೂರೊ ಸೇರಿಸುತ್ತಾರೆ, ಮೇಜಿಗೆ ಕೂತಿದ್ದಕ್ಕೆ. ಇವರು ಮೊದಲ ಸಲ ಮ್ಯಾನೇಜರನ್ನು ಕರೆಸಿದರು. ಮೆನುವಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬ್ಯಾಂಕಿನವರಿಗೆ ಸಣ್ಣ ಅಕ್ಷರದ ಬಗ್ಗೆ ಯಾರು ಹೇಳಬೇಕು!

ಪೊಂಪೆಯಿಗೆ ಲೋಕಲ್ ರೈಲಿನಲ್ಲಿ ಹೋದೆವು. ಪ್ರವೇಶಕ್ಕೆ ಆಗ 18 ಯೂರೊ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಊರು. ಅರಮನೆ, ದೇವಸ್ಥಾನಕ್ಕಿಂತ ನನಗೆ ಹಿಡಿಸಿದ್ದು ಬೀದಿ ಬದಿಯ ತಿಂಡಿ ಅಂಗಡಿಗಳು. ಕಲ್ಲಿನ ಕಟ್ಟೆ, ಅದರಲ್ಲಿ ದುಂಡಗೆ ತೂತು, ಒಳಗೆ ಹೂತಿಟ್ಟ ಮಡಕೆ. ಬಂದವರು ತಿಂದು ಹೋಗುವುದು. ಎರಡು ಸಾವಿರ ವರ್ಷ ಹಿಂದೆಯೂ ಜನಕ್ಕೆ ಮನೆಯಲ್ಲಿ ಅಡುಗೆ ಮಾಡಲು ಬೇಜಾರಿತ್ತು ಅಂತ ಸಮಾಧಾನ ಆಯಿತು.

ನಾಪೊಲಿಯಿಂದ ಬಸ್ಸಿನಲ್ಲಿ ಬಾರಿ ಅನ್ನುವ ಊರಿಗೆ. ಅದು ಇಟಲಿಯ ಇನ್ನೊಂದು ದಡ. ಹಳೇ ಊರಿನ ಬೀದಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಹೆಬ್ಬೆರಳಿನಿಂದ ಹಿಟ್ಟು ಒತ್ತಿ ಪುಟ್ಟ ಕಿವಿಯಾಕಾರದ ಪಾಸ್ತಾ ಮಾಡುತ್ತಾರೆ. ನಮ್ಮ ಕಡೆ ಹೆಂಗಸರು ಕೂತು ಶಾವಿಗೆ ಹೊಸೆಯುತ್ತಿದ್ದ ಹಾಗೆ, ಮಾತು ನಿಲ್ಲುವುದಿಲ್ಲ, ಕೈ ನಿಲ್ಲುವುದಿಲ್ಲ. ಟೊಮೆಟೊ ಮತ್ತು ಆಲಿವ್ ಹಾಕಿದ ಫೊಕಾಚ್ಚಾ ಬ್ರೆಡ್ಡು ಕಟ್ಟಿಸಿಕೊಂಡು ಮರುದಿನ ಸಂಜೆ ಹಡಗು ಹತ್ತಿದೆವು.

ಬಾರಿಯಿಂದ ಗ್ರೀಸಿನ ಪಾತ್ರಾಸ್‌ಗೆ ಹಡಗಿನಲ್ಲಿ ಒಂದು ಇಡೀ ರಾತ್ರಿ ಮತ್ತು ಮರುದಿನ ಮಧ್ಯಾಹ್ನದವರೆಗೆ. ಕ್ಯಾಬಿನ್ ದುಬಾರಿ. ನಾವು ತಗೊಂಡದ್ದು ಡೆಕ್ ಟಿಕೆಟ್ಟು. ಅಂದರೆ ಹಡಗಿನಲ್ಲಿ ಎಲ್ಲಾದರೂ ಬಿದ್ದುಕೊಳ್ಳಿ ಅಂತ. ಇದು ರೈಲಿನ ಜನರಲ್ ಬೋಗಿ ಅಂತ ಅಂದುಕೊಂಡರೆ ಹೆದರಿಕೆ ಇರುವುದಿಲ್ಲ. ಅನುಭವಸ್ಥರು ಬಾಗಿಲು ತೆಗೆದ ಕೂಡಲೇ ಓಡಿ ಗೋಡೆ ಮೂಲೆ ಹಿಡಿದರು. ಇವರಿಗೆ ಒಂದೇ ಕ್ಷಣಕ್ಕೆ ಅರ್ಥವಾಯಿತು. ಮೈಸೂರು ಪ್ಯಾಸೆಂಜರಿನಲ್ಲಿ ಟವೆಲ್ ಎಸೆದು ಸೀಟು ಹಿಡಿದ ಕೈ. ಪಂಚೆ ಬೀಸಿ ಕಿಟಕಿ ಪಕ್ಕದ ಸೋಫಾದ ಹಿಂದೆ ಎರಡು ಆಳು ಮಲಗುವಷ್ಟು ಜಾಗ ಹಿಡಿದೇ ಬಿಟ್ಟರು. ಪಕ್ಕದಲ್ಲಿ ಲಾರಿ ಡ್ರೈವರುಗಳು, ಒಂದು ಸಂಸಾರ, ಅವರ ನಾಯಿ. ಇಂಜಿನ್ನಿನ ಸದ್ದು ನೆಲದಿಂದ ಎದೆಗೆ ಬರುತ್ತಿತ್ತು. ಅಷ್ಟು ದಿನದ ಹಾಸ್ಟೆಲ್ ಹಾಸಿಗೆಗಳಿಗಿಂತ ಒಳ್ಳೆಯ ನಿದ್ದೆ ಬಂತು ಅವತ್ತು. ಬೆಳಗಿನ ಜಾವ ಹಡಗು ಗ್ರೀಸಿನ ಇಗುಮೆನಿತ್ಸಾ ಬಂದರಿನಲ್ಲಿ ನಿಂತು ಲಾರಿಗಳನ್ನು ಇಳಿಸಿತು. ನಾವು ಡೆಕ್ಕಿಗೆ ಹೋಗಿ ನೆನೆಸಿದ ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡು ತಿಂದೆವು. ನೀಲಿ ನೀರಿನಲ್ಲಿ ಒಂದೊಂದೇ ದ್ವೀಪ ಹಿಂದೆ ಹೋಗುತ್ತಿತ್ತು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಇದು ಬೇರೆ ಥರದ ಮೌನ.

ಗ್ರೀಸಿನ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು: "ನಿಸ್ತೀಸಿಮೊ" ಅಂತ ಕೇಳಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ಊಟಕ್ಕೆ ಆ ಹೆಸರು. ಸಿಗಡಿ, ಕಪ್ಪೆಚಿಪ್ಪು ಅವರಿಗೆ ಆಗುತ್ತದೆ, ಅದನ್ನು ಬೇಡ ಅಂದರೆ ಸಾಕು. ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿದ "ಫಾವಾ" ತಂದಿಟ್ಟರು. ಒಗ್ಗರಣೆ ಇಲ್ಲದ ತೊವ್ವೆ. ಇಪ್ಪತ್ತು ದಿನದ ಮೇಲೆ ತೊವ್ವೆ ನೋಡಿ ಇವರ ಕಣ್ಣಲ್ಲಿ ನೀರು. ಈರುಳ್ಳಿ ಖಾರ ಅಂದರು.

ಅಥೆನ್ಸಿನ ಗುಡ್ಡದ ಮೇಲಿನ ಹಳೇ ಕೋಟೆ ಅಕ್ರೋಪೊಲಿಸ್‌ಗೆ ಆಗ ತಲೆಗೆ 20 ಯೂರೊ. ಆದರೆ ಅಕ್ಟೋಬರ್ 28ಕ್ಕೆ ಪುಕ್ಕಟೆ ಅಂತ ಇವರು ಮೈಸೂರಿನಲ್ಲೇ ಪತ್ತೆ ಮಾಡಿದ್ದರು. ನಮ್ಮ ಇಡೀ ಪ್ರವಾಸದ ತಾರೀಕು ಆ ಒಂದು ದಿನಕ್ಕೆ ಹೊಂದಿಸಿದ್ದು ಅಂತ ನನಗೆ ತಿಳಿದಿದ್ದು ಅಥೆನ್ಸ್‌ನಲ್ಲಿ. 1940ರಲ್ಲಿ ಅದೇ ದಿನ ಮುಸೊಲಿನಿಯ ಬೆದರಿಕೆಗೆ ಗ್ರೀಸ್ "ಓಹಿ", ಅಂದರೆ ಆಗಲ್ಲ, ಅಂದಿತ್ತು. ಈಗಲೂ ಅದು ಅವರ ಹಬ್ಬ. ಬೀದಿಯಲ್ಲಿ ಶಾಲೆ ಮಕ್ಕಳ ಪೆರೇಡು. ಬಿಳಿ ಅಂಗಿ, ನೀಲಿ ಬಾವುಟ, ಹೆಜ್ಜೆ ತಪ್ಪಿದ ಹುಡುಗನಿಗೆ ಪಕ್ಕದಿಂದ ಕಣ್ಣಲ್ಲೇ ಗದರುವ ಮೇಡಂ. ಕೋಟೆಯೊಳಗಿನ ದೇವಸ್ಥಾನ ಪಾರ್ಥೆನಾನ್ ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ಒಂದು ಗಂಟೆ ಅಲ್ಲೇ ನಿಂತು ಆ ಮೇಡಂನ್ನು ನೋಡಿದೆ.

ಆಮೇಲೆ ಹತ್ತಿದೆವು. ಜನವೋ ಜನ. ಎರಡು ಸಾವಿರ ವರ್ಷ ತಾಳಿದ ಕಟ್ಟಡದ ನಡುಭಾಗ ಹಾರಿಹೋದದ್ದು 1687ರಲ್ಲಿ. ಟರ್ಕರು ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು, ವೆನಿಸಿನವರ ಗುಂಡು ಬಿತ್ತು. ನಾನು ಇದನ್ನು ಹೇಳುತ್ತಿದ್ದರೆ ಇವರು ಬಂಡೆಯ ಮೇಲೆ ಕೂತು ಪುಸ್ತಕ ತೆಗೆದು, ಟಿಕೆಟ್ಟಿನ ಕಾಲಮ್ಮಿನಲ್ಲಿ ದೊಡ್ಡದಾಗಿ ಸೊನ್ನೆ ಬರೆದರು.

ಅಕ್ಟೋಬರ್ 30ಕ್ಕೆ ವಿಮಾನ, ದೀಪಾವಳಿಗೆ ಮನೆಯಲ್ಲಿರಬೇಕು ಅಂತ. ಏರ್‌ಪೋರ್ಟಿನಲ್ಲಿ ಮೂರು ಗಂಟೆ ಸಮಯವಿತ್ತು. ಇವರು ಕೊನೇ ಲೆಕ್ಕಕ್ಕೆ ಕೂತರು. ವಿಮಾನ, ವೀಸಾ ಎಲ್ಲ ಸೇರಿ ಇಬ್ಬರಿಗೂ ಮೂರು ಲಕ್ಷ ತೊಂಬತ್ತು ಸಾವಿರದ ಆಸುಪಾಸು. ಆ ನೂರಿಪ್ಪತ್ತು ಯೂರೊ ದಂಡವನ್ನೂ ಸೇರಿಸಿ. ಕೈಯಲ್ಲಿದ್ದ ನೋಟು, ಚಿಲ್ಲರೆ ಎಲ್ಲ ಕುರ್ಚಿಯ ಮೇಲೆ ಸಾಲಾಗಿ ಜೋಡಿಸಿ ಎಣಿಸಿದರು. ಮತ್ತೆ ಎಣಿಸಿದರು.

"ನಾಲ್ಕೂವರೆ ಯೂರೊ ಕಮ್ಮಿ ಬರ್ತಿದೆ. ಬಾರಿಯಲ್ಲಿ ಫೊಕಾಚ್ಚಾ ಎರಡು ಸಲ ತಗೊಂಡ್ವಾ?"

"ಇರಬಹುದು" ಅಂದೆ.

"ಇಲ್ಲ, ಅದು ಬರೆದಿದೀನಿ." ಪುಟ ತಿರುವಿದರು. "ನಾಪೊಲಿಯಿಂದ ಈಚೆಗೆ ತಪ್ಪಿದೆ."

ನಾನು ಬೋರ್ಡಿನ ಕಡೆ ನೋಡುತ್ತಾ, ನಮ್ಮ ಗೇಟ್ ಯಾವುದು ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಬೆಂಗಳೂರು ಬರುವವರೆಗೂ ಮೂರು ಸಲ ಕೂಡಿ ಕಳೆದರು. ಕೊನೆಗೆ, ಲೆಕ್ಕ ಸಿಗದ ದುಡ್ಡಿಗೆ ಬ್ಯಾಂಕಿನಲ್ಲಿ ಮಾಡುವ ಹಾಗೆ, "ಸಸ್ಪೆನ್ಸ್ ಅಕೌಂಟ್: 4.50" ಅಂತ ಬರೆದು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದರು.

ನಾನು ಬರೆದದ್ದನ್ನೆಲ್ಲ ಮೊದಲು ಓದುವವರು ಅವರೇ. ಇದನ್ನು ಅವರ ಕೈಗೆ ಕೊಟ್ಟು ನಾನು ತರಕಾರಿ ತರಲು ಹೊರಡುತ್ತೇನೆ.